ಬೆಳಗಾವಿಯ ಲಸಿಕಾ ಸಂಸ್ಥೆ: ಜೀವವಿಜ್ಞಾನ ಪ್ರಯೋಗಶಾಲೆಯ ವಾಸ್ತುವನ್ನು ಕುರಿತು ಒಂದು ವಿಚಾರ

ಬೆಳಗಾವಿಯ ಸೀಮೆಯ ವಾಸ್ತುವೆಂದೊಡನೆ ನಮ್ಮ ವಿದ್ಯಾರ್ಥಿಗಳ ನೆನಪಿಗೆ ಬರುವುವು ಮುಖ್ಯವಾಗಿ ಎರಡು: ಕೋಟೆಯೊಳಗಿನ ಕಮಲ ಬಸದಿ, ಮತ್ತು ಖಾನಾಪುರ ತಾಲೂಕಿನ ಹಲಸಿಯಲ್ಲಿರುವ ಭೂವರಾಹ ನರಸಿಂಹ ದೇವಾಲಯ. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿಯಾದ ಬೀಚಣನು ೧೨೦೪ರಲ್ಲಿ ಕಟ್ಟಿಸಿದ ಆ ಬಸದಿಯ ಭುವನೇಶ್ವರಿಯನ್ನು ಕುರಿತು, ಹಲಸಿಯ ಕದಂಬ ಶಾಸನಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆಹ ನಡೆದಿದೆ, ನಡೆಯತಕ್ಕದ್ದೂ ಆಗಿದೆ. ಆದರೆ ಅದೇ ಊರಿನ ಟಿಳಕವಾಡಿಯಲ್ಲಿ, ಹಳೆಯ ಮರಗಳ ನೆರಳಿನಲ್ಲಿ, ಜನರು ಇಂದಿಗೂ ‘ವ್ಯಾಕ್ಸಿನ್ ಡಿಪೋ’ ಎಂದು ಕರೆಯುವ ಒಂದು ಆವರಣವುಂಟು. ಸಿಡುಬಿನ ಲಸಿಕೆಯನ್ನು ತಯಾರಿಸುವುದಕ್ಕಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿ ಇಲಾಖೆಯ ಸರಕಾರವು ಸ್ಥಾಪಿಸಿದ ಸಂಸ್ಥೆಯ ನೆಲೆಯಿದು. ಇತಿಹಾಸಕಾರರು ಇದರ ಮುಂದೆ ಹಾದುಹೋಗುತ್ತಾರೆ. ಒಳಹೊಕ್ಕು ನೋಡುವವರು ವಿರಳ. ಶಾಸನವಿಲ್ಲದ, ಶಿಲ್ಪವಿಲ್ಲದ ಕಟ್ಟಡವನ್ನು ಓದುವ ಅಭ್ಯಾಸವು ನಮಗೆ ಇನ್ನೂ ಬಂದಿಲ್ಲವೆಂಬುದೇ ಇದಕ್ಕೆ ಕಾರಣವೆಂದು ನಮಗೆ ತೋರುತ್ತದೆ.

ಪ್ರಸ್ತುತ ಪ್ರಬಂಧದಲ್ಲಿ ನಾವು ಕೇಳಹೊರಟ ಪ್ರಶ್ನೆಯು ಸರಳವಾದುದು. ಜೀವಿಗಳನ್ನು ಕುರಿತು ಕೆಲಸ ನಡೆಸುವ ಪ್ರಯೋಗಶಾಲೆಯೊಂದು ಚೆನ್ನಾಗಿ ಕಟ್ಟಲ್ಪಟ್ಟಿದೆಯೆಂದು ಯಾವ ಆಧಾರದ ಮೇಲೆ ಹೇಳಬೇಕು? ದೇವಾಲಯಕ್ಕೆ ಆಗಮದ ಅಳತೆಯಿದೆ, ಕೋಟೆಗೆ ಯುದ್ಧದ ಪರೀಕ್ಷೆಯಿದೆ. ಪ್ರಯೋಗಶಾಲೆಗೆ ಯಾವುದು? ಇಂದು ನಮ್ಮ ವಿಶ್ವವಿದ್ಯಾಲಯಗಳೂ ಸಂಶೋಧನ ಸಂಸ್ಥೆಗಳೂ ಕೋಟಿಗಟ್ಟಲೆ ಹಣ ಸುರಿದು ಜೀವವಿಜ್ಞಾನದ ಭವನಗಳನ್ನು ಎಬ್ಬಿಸುತ್ತಿರುವಾಗ, ಶತಮಾನಕ್ಕೂ ಹಳೆಯದಾದ ಈ ಮಾದರಿಯನ್ನು ಅರಿಯದೆ ಮುಂದುವರಿಯುವುದು ವಿವೇಕವಾಗಲಾರದು.

ಮೊದಲು ಲಸಿಕೆಗೆ ಕಟ್ಟಡವೇ ಬೇಕಿರಲಿಲ್ಲವೆಂಬುದನ್ನು ಗಮನಿಸಬೇಕು. ಎಡ್ವರ್ಡ್ ಜೆನ್ನರನು ೧೭೯೬ರ ಮೇ ತಿಂಗಳಿನಲ್ಲಿ ಗೋವಿನ ಸಿಡುಬಿನ ರಸದಿಂದ ಬಾಲಕನೊಬ್ಬನಿಗೆ ಲಸಿಕೆ ಹಾಕಿದನು. ಆರು ವರ್ಷಗಳ ತರುವಾಯ, ೧೮೦೨ರ ಜೂನ್ ೧೪ರಂದು, ಬಾಗದಾದು ಬಸ್ರಾಗಳ ಮಾರ್ಗವಾಗಿ ಬಂದ ರಸವು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಹಿಡಿಯಿತು. ಭಾರತದಲ್ಲಿ ಹಬ್ಬಿದ ಲಸಿಕೆಗೆ ಆ ಮಗುವಿನ ತೋಳೇ ಮೂಲ. ಅಂದಿನಿಂದ ಅನೇಕ ದಶಕಗಳವರೆಗೆ ರಸವು ತೋಳಿನಿಂದ ತೋಳಿಗೆ ಸಾಗಿತು. ಒಂದು ಮಗುವಿಗೆ ಹಾಕಿದ ದಾಕು ಎಂಟನೆಯ ದಿನ ತುಂಬಿ ನಿಂತಾಗ ಅದನ್ನು ಚುಚ್ಚಿ ತೆಗೆದು ಮುಂದಿನ ಮಗುವಿಗೆ ಹಾಕುವುದು ಕ್ರಮ. ಅರ್ಥಾತ್ ಕೂಸಿನ ಮೈಯೇ ಕಾರ್ಖಾನೆ, ಕೂಸಿನ ಮೈಯೇ ಉಗ್ರಾಣ.

ಈ ಪದ್ಧತಿಯ ತೊಡಕುಗಳು ಬೇಗನೆ ತಲೆದೋರಿದುವು. ಸರಪಳಿಯ ಒಂದು ಕೊಂಡಿ ಕಳಚಿದರೆ ಇಡಿಯ ಜಿಲ್ಲೆಗೆ ಲಸಿಕೆಯಿಲ್ಲ. ಒಬ್ಬರ ರೋಗವು ರಸದೊಡನೆ ಮತ್ತೊಬ್ಬರ ಮೈಗೆ ಸೇರುವ ಭಯ ಬೇರೆ. ಫಿರಂಗಿ ರೋಗವು ಹೀಗೆ ಹರಡಿದ ಪ್ರಸಂಗಗಳು ಯೂರೋಪಿನಲ್ಲಿ ನಡೆದುವು. ನಮ್ಮ ದೇಶದಲ್ಲಂತೂ ಯಾವ ಜಾತಿಯ ಮಗುವಿನ ಕೀವು ಯಾವ ಜಾತಿಯ ಮಗುವಿನ ರಕ್ತಕ್ಕೆ ಎಂಬ ಪ್ರಶ್ನೆಯು ಲಸಿಕೆ ಹಾಕುವವನ ಮುಂದೆ ಊರೂರಿಗೂ ಎದ್ದು ನಿಲ್ಲುತ್ತಿತ್ತು. ದಾಕಿನವನು ಬರುತ್ತಾನೆಂಬ ಸುದ್ದಿ ಕೇಳಿದೊಡನೆ ತಾಯಂದಿರು ಮಕ್ಕಳನ್ನು ಹೊಲಗಳಲ್ಲಿ ಅಡಗಿಸುತ್ತಿದ್ದರೆಂಬ ಮಾತನ್ನು ಅಜ್ಞಾನವೆಂದಷ್ಟೇ ತಳ್ಳಿಬಿಡುವುದು ನ್ಯಾಯವಲ್ಲ. ತುಂಬಿದ ದಾಕನ್ನು ಮತ್ತೆ ಹರಿದು ರಸ ತೆಗೆಯುವುದನ್ನು ಯಾವ ತಾಯಿಯೂ ಸಂತೋಷದಿಂದ ನೋಡಲಾರಳು.

ಇಟಲಿಯ ನೇಪಲ್ಸಿನಲ್ಲಿ ರೂಢಿಗೆ ಬಂದಿದ್ದ ಇನ್ನೊಂದು ಮಾರ್ಗವು ೧೮೬೪ರ ಲಿಯೋನ್ ವೈದ್ಯ ಸಮ್ಮೇಲನದ ತರುವಾಯ ಯೂರೋಪಿಗೆಲ್ಲ ಪರಿಚಯವಾಯಿತು. ಮಗುವಿನ ಬದಲು ಕರುವಿನ ಮೈಮೇಲೆ ರಸವನ್ನು ಬೆಳೆಸುವುದೇ ಆ ಮಾರ್ಗ. ಲಂಡನ್ನಿನ ಮಂಕ್ಟನ್ ಕೋಪ್‌ಮನ್ ೧೮೯೧ರಲ್ಲಿ, ಕರುವಿನಿಂದ ತೆಗೆದ ತಿರುಳಿಗೆ ಗ್ಲಿಸರಿನ್ ಬೆರೆಸಿ ಕೆಲವು ವಾರ ಇಟ್ಟರೆ ಅದರಲ್ಲಿ ಸೇರಿಕೊಂಡ ಇತರ ಸೂಕ್ಷ್ಮಜೀವಿಗಳು ಸಾಯುತ್ತವೆ, ಲಸಿಕೆಯ ಸತ್ವ ಮಾತ್ರ ಉಳಿಯುತ್ತದೆ ಎಂಬುದನ್ನು ತೋರಿಸಿಕೊಟ್ಟನು. ಇಂಗ್ಲೆಂಡಿನ ೧೮೯೮ರ ಕಾನೂನು ತೋಳಿನಿಂದ ತೋಳಿಗೆ ಹಾಕುವ ಪದ್ಧತಿಗೆ ಮಂಗಳ ಹಾಡಿತು. ಲಸಿಕೆಯ ಇತಿಹಾಸದಲ್ಲಿ ಕಟ್ಟಡವು ಪ್ರವೇಶಿಸುವುದು ಈ ಘಟ್ಟದಲ್ಲಿ. ಕರುವನ್ನು ಕಟ್ಟಬೇಕು, ತೊಳೆಯಬೇಕು, ಕಾಯಬೇಕು. ಗ್ಲಿಸರಿನ್ನಿನಲ್ಲಿಟ್ಟ ತಿರುಳನ್ನು ತಂಪಿನಲ್ಲಿ, ಕತ್ತಲಲ್ಲಿ ವಾರಗಟ್ಟಲೆ ಇರಿಸಬೇಕು. ಕೊಟ್ಟಿಗೆಯೂ ಪ್ರಯೋಗಶಾಲೆಯೂ ಒಂದೇ ಸೂರಿನಡಿ ಸೇರದಿದ್ದರೆ ಕೆಲಸ ಸಾಗದು. ಸೇರಿದರೆ ಕೆಲಸ ಕೆಡುತ್ತದೆ. ಈ ವಿರೋಧಾಭಾಸವನ್ನು ಬಿಡಿಸುವುದೇ ಲಸಿಕಾ ಸಂಸ್ಥೆಯ ವಾಸ್ತುವಿನ ಮರ್ಮ.

ಆ ಕಾಲದ ಭಾರತದಲ್ಲಿ ಜೀವವಿಜ್ಞಾನದ ಸಂಸ್ಥೆಗಳಿಗೆ ನೆಲೆ ಹುಡುಕುವಾಗ ಎರಡು ದಾರಿಗಳನ್ನು ಹಿಡಿದುದು ಕಂಡುಬರುತ್ತದೆ. ಹಳೆಯ ಕಟ್ಟಡದೊಳಗೆ ಹೊಸ ವಿದ್ಯೆಯನ್ನು ಹೊಗಿಸುವುದು ಒಂದು. ಪ್ಲೇಗಿನ ಲಸಿಕೆಯನ್ನು ಕಂಡುಹಿಡಿದ ವಾಲ್ಡೆಮಾರ್ ಹಾಫ್ಕಿನ್ ೧೮೯೬ರ ಅಕ್ಟೋಬರಿನಲ್ಲಿ ಮುಂಬಯಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆ, ಒಂದು ಪಡಸಾಲೆಯಲ್ಲಿ ಕೆಲಸಕ್ಕೆ ತೊಡಗಿದನು. ೧೮೯೯ರಲ್ಲಿ ಅವನ ಪ್ರಯೋಗಶಾಲೆಯು ಪರಳದ ಹಳೆಯ ಸರಕಾರಿ ಭವನಕ್ಕೆ ಹೋಯಿತು. ಅದು ಒಂದು ಕಾಲಕ್ಕೆ ಕ್ರೈಸ್ತ ಸಂನ್ಯಾಸಿಗಳ ಮಠ, ಮುಂದೆ ಗವರ್ನರರ ಅರಮನೆ. ೧೮೮೨ರಲ್ಲಿ ಗವರ್ನರ್ ಫರ್ಗುಸನ್ನನ ಪತ್ನಿಯು ಅಲ್ಲಿ ಕಾಲರಾದಿಂದ ತೀರಿಕೊಂಡ ಮೇಲೆ ಗವರ್ನರರು ಅಲ್ಲಿ ವಾಸಿಸುವುದನ್ನು ಬಿಟ್ಟಿದ್ದರು. ನರ್ತನ ನಡೆಯುತ್ತಿದ್ದ ಹಜಾರದಲ್ಲಿ ಪ್ಲೇಗಿನ ಲಸಿಕೆಯ ಸೀಸೆಗಳು ಸಾಲುಗೊಂಡುವು. ರೋಗವು ಓಡಿಸಿದ ಅರಮನೆಗೆ ರೋಗವನ್ನು ಓಡಿಸುವವನು ಬಂದು ಕುಳಿತುದು ಇತಿಹಾಸದ ಒಂದು ವಿನೋದವೇ ಸರಿ.

ಎರಡನೆಯ ದಾರಿಯೆಂದರೆ ಊರನ್ನೇ ಬಿಟ್ಟು ಹೋಗುವುದು. ೧೮೮೯ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಸಾಮ್ರಾಜ್ಯದ ಬ್ಯಾಕ್ಟೀರಿಯಾ ಪ್ರಯೋಗಶಾಲೆಯನ್ನು ನಾಲ್ಕೇ ವರ್ಷಗಳಲ್ಲಿ ಕುಮಾವೂ ಬೆಟ್ಟಗಳ ಮುಕ್ತೇಶ್ವರಕ್ಕೆ ಒಯ್ದರು. ದನಗಳ ರೋಗಾಣುಗಳನ್ನಿಟ್ಟುಕೊಂಡು ಜನವಸತಿಯ ನಡುವೆ ಕುಳಿತಿರುವುದು ಅಪಾಯವೆಂಬುದೂ, ತಂಪು ಹವೆಯಲ್ಲಿ ರಸಗಳು ಕೆಡದೆ ಉಳಿಯುತ್ತವೆಂಬುದೂ ಇದಕ್ಕೆ ಕಾರಣಗಳು. ಕಸೌಲಿ, ಕೂನೂರುಗಳ ಪಾಶ್ಚರ್ ಸಂಸ್ಥೆಗಳೂ ಬೆಟ್ಟವನ್ನೇ ಆಶ್ರಯಿಸಿದುವು. ಆದರೆ ಬೆಟ್ಟದ ಮೇಲಿನ ಪ್ರಯೋಗಶಾಲೆಗೆ ದಾರಿ ದೂರ. ಕರುವನ್ನು ಹತ್ತಿಸುವುದೂ ಕಷ್ಟ, ಲಸಿಕೆಯನ್ನು ಇಳಿಸುವುದೂ ಕಷ್ಟ.

ಬೆಳಗಾವಿಯ ಆಯ್ಕೆಯನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಿದರೆ ಅದರ ಔಚಿತ್ಯವು ಮನಸ್ಸಿಗೆ ಬರುತ್ತದೆ. ಊರು ಸಮುದ್ರಮಟ್ಟದಿಂದ ಸುಮಾರು ೨,೫೦೦ ಅಡಿ ಎತ್ತರದಲ್ಲಿದೆ. ಮುಕ್ತೇಶ್ವರದಷ್ಟು ಎತ್ತರವಲ್ಲ, ಮುಂಬಯಿಯ ಧಗೆಯೂ ಇಲ್ಲ. ಪಡುವಣ ಘಟ್ಟದ ಮಗ್ಗುಲಿನಲ್ಲಿರುವುದರಿಂದ ಬೇಸಗೆಯ ಸಂಜೆಗೂ ತಂಪುಗಾಳಿ ಬೀಸುತ್ತದೆ. ೧೮೮೦ರ ದಶಕದ ಕೊನೆಗೆ ದಕ್ಷಿಣ ಮರಾಠಾ ರೈಲುಮಾರ್ಗವು ಬೆಳಗಾವಿ, ಖಾನಾಪುರ, ಲೋಂಡಾಗಳನ್ನು ಒಂದು ದಾರದಲ್ಲಿ ಪೋಣಿಸಿತ್ತು. ಲೋಂಡಾದಿಂದ ಒಂದು ಕವಲು ಕ್ಯಾಸಲ್‌ರಾಕಿನ ಮೂಲಕ ಘಟ್ಟವಿಳಿದು ಮುರಗಾಂವ ಬಂದರಕ್ಕೂ, ಮತ್ತೊಂದು ಧಾರವಾಡ ಹುಬ್ಬಳ್ಳಿಗಳಿಗೂ, ಉತ್ತರದ ಹಳಿಯು ಪುಣೆಗೂ ಹೋಗುತ್ತಿದ್ದುವು. ಸುತ್ತಲಿನ ಹಳ್ಳಿಗಳಲ್ಲಿ ದನಕರುಗಳಿಗೆ ಕೊರತೆಯಿಲ್ಲ. ದಂಡಿನ ಊರಾದುದರಿಂದ ವೈದ್ಯರೂ ಎಂಜಿನಿಯರರೂ ದೊರೆಯುತ್ತಿದ್ದರು. ಇವೆಲ್ಲಕ್ಕೂ ಮಿಗಿಲಾಗಿ ಊರ ಮಗ್ಗುಲಿಗೆ ವಿಶಾಲವಾದ ಬಯಲಿತ್ತು. ಮದರಾಸಿನ ಗಿಂಡಿಯಲ್ಲಿ ಕಿಂಗ್ ಸಂಸ್ಥೆಯು ರೂಪುಗೊಂಡುದೂ ಹೆಚ್ಚುಕಡಿಮೆ ಇದೇ ಕಾಲದಲ್ಲಿ, ಇದೇ ಬಗೆಯ ಊರಂಚಿನ ಬಯಲಿನಲ್ಲಿ.

ಆ ಕಾಲಕ್ಕೆ ಬೆಳಗಾವಿಯು ಪ್ಲೇಗಿನ ಹೊಡೆತವನ್ನು ಕಂಡ ಊರಾಗಿತ್ತೆಂಬುದನ್ನೂ ಮರೆಯಲಾಗದು. ೧೯೦೮-೦೯ರಲ್ಲಿ ಪ್ಲೇಗ್ ಸಂಶೋಧನಾ ಆಯೋಗವು ಬೆಳಗಾವಿಯಲ್ಲಿ ನಡೆಸಿದ ಅವಲೋಕನಗಳು ೧೯೧೦ರಲ್ಲಿ ಇಂಗ್ಲೆಂಡಿನ ಆರೋಗ್ಯಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟವಾದುವು. ಒಂದೇ ದಶಕದಲ್ಲಿ ಈ ಊರು ಒಂದು ರೋಗಕ್ಕೆ ಅಧ್ಯಯನದ ವಸ್ತುವೂ ಮತ್ತೊಂದು ರೋಗಕ್ಕೆ ಔಷಧದ ಮನೆಯೂ ಆಯಿತು.

ಇನ್ನು ಕಟ್ಟಡದ ವಿಷಯ. ಕರುಲಸಿಕೆಯ ಸಂಸ್ಥೆಗಳಿಗೆಲ್ಲ ಸಾಮಾನ್ಯವಾಗಿದ್ದ ಕ್ರಮವನ್ನು ನಾವು ಇಲ್ಲಿ ವಿವರಿಸುತ್ತೇವೆ; ಇಂಥ ಸಂಸ್ಥೆಯ ನಕ್ಷೆಯನ್ನು ಓದಬೇಕಾದರೆ ಕರುವಿನ ಹಿಂದೆ ನಡೆಯುವುದೇ ಉತ್ತಮ. ಹೊರಗಿನಿಂದ ಬಂದ ಕರುವನ್ನು ನೇರವಾಗಿ ಒಳಗೆ ಬಿಡುವಂತಿಲ್ಲ. ಬೇರೆಯದೇ ಆದ ಕೊಟ್ಟಿಗೆಯಲ್ಲಿ ಕೆಲವು ದಿನ ಕಟ್ಟಿ, ಮೈಬಿಸಿ ನೋಡಿ, ಉಣ್ಣೆ ಕಜ್ಜಿಗಳಿದ್ದರೆ ನಿವಾರಿಸಿ, ಕಾಲುಬಾಯಿ ಬೇನೆಯ ಸುಳಿವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಈ ಕೊಟ್ಟಿಗೆಯು ಮುಖ್ಯ ಕಟ್ಟಡದಿಂದ ದೂರ, ಗಾಳಿಯ ಕೆಳಮಗ್ಗುಲಿಗೆ ಇರಬೇಕು. ಅಲ್ಲಿಂದ ಮುಂದೆ ಮೀಯಿಸುವ ಕಟ್ಟೆ. ತರುವಾಯ ಶಸ್ತ್ರಕೋಣೆ: ಇಲ್ಲಿ ಓರೆಮಾಡಬಹುದಾದ ಮೇಜೊಂದಕ್ಕೆ ಕರುವನ್ನು ನಿಂತಂತೆಯೇ ಕಟ್ಟಿ, ಮೇಜನ್ನು ಮಲಗಿಸಿ, ಹೊಟ್ಟೆಯ ಮತ್ತು ಪಕ್ಕೆಯ ಕೂದಲನ್ನು ಬೋಳಿಸಿ, ಸಾಲುಸಾಲಾಗಿ ತೆಳುವಾದ ಗೀರುಗಳನ್ನೆಳೆದು ಬೀಜರಸವನ್ನು ತಿಕ್ಕುತ್ತಾರೆ. ಬೀಜರಸವೆಂಬುದು ಒಕ್ಕಲಿಗನ ಬಿತ್ತನೆಯ ಕಾಳಿನಂತೆ, ಹಿಂದಿನ ಬೆಳೆಯಿಂದ ಆರಿಸಿ ತೆಗೆದಿಟ್ಟದ್ದು.

ಮುಂದಿನ ಐದು ದಿನ ಕರುವು ಕಾಯುವ ಕೊಟ್ಟಿಗೆಯಲ್ಲಿರಬೇಕು. ಮೊದಲ ಕೊಟ್ಟಿಗೆಯ ಕರುವಿಗೂ ಈ ಕರುವಿಗೂ ಸಂಪರ್ಕವಿರಕೂಡದು. ತನ್ನ ಹೊಟ್ಟೆಯನ್ನು ತಾನೇ ನೆಕ್ಕದಂತೆ ಅದನ್ನು ಬಿಗಿದು ಕಟ್ಟುತ್ತಾರೆ. ಗಂಜಳ ನಿಲ್ಲದಂತೆ ನೆಲವು ಇಳಿಜಾರಾಗಿರಬೇಕು. ಕೊಳೆಯುವ ಹುಲ್ಲನ್ನು ಹಾಸುವಂತಿಲ್ಲ. ನೊಣ ಬಾರದಂತೆ ಕಿಟಕಿಗಳಿಗೆ ಸಣ್ಣ ಕಣ್ಣಿನ ತಂತಿಬಲೆ. ಐದನೆಯ ದಿನ ಅದೇ ಕರು ಮತ್ತೊಂದು ಮೇಜಿಗೆ ಬರುತ್ತದೆ. ಮೈಯನ್ನು ತಿಕ್ಕಿ ತೊಳೆದು, ಚೂಪಾದ ಅಂಚಿನ ಚಮಚದಿಂದ ಗುಳ್ಳೆಗಳ ತಿರುಳನ್ನು ಕೆರೆದು ತೂಕ ಮಾಡುತ್ತಾರೆ. ಇಲ್ಲಿಗೆ ಕರುವಿನ ಕೆಲಸ ಮುಗಿಯಿತು. ತಿರುಳಿನ ಕೆಲಸ ಮೊದಲಾಯಿತು. ಅರೆಯುವ ಕೋಣೆ, ಗ್ಲಿಸರಿನ್ ಬೆರೆಸುವ ಕೋಣೆ, ತಂಪಿನ ಉಗ್ರಾಣ, ಸೂಕ್ಷ್ಮಜೀವಿಗಳನ್ನೆಣಿಸುವ ಪರೀಕ್ಷಾಕೋಣೆ, ಕೂದಲೆಳೆಯಂಥ ಗಾಜಿನ ನಳಿಗೆಗಳಲ್ಲಿ ತುಂಬಿ ಬಾಯಿ ಬೆಸೆಯುವ ಕೋಣೆ, ಕೊನೆಗೆ ಅಂಚೆಯ ಕಟ್ಟು ಕಟ್ಟುವ ಕಚೇರಿ.

ಈ ಪಥವನ್ನು ಕಾಗದದ ಮೇಲೆ ಬರೆದು ನೋಡಿದರೆ ಅದು ಒಂದೇ ದಿಕ್ಕಿಗೆ ಹರಿಯುವ ತೊರೆಯಂತೆ ತೋರುತ್ತದೆ. ಕೊಳೆಯ ಕಡೆಯಿಂದ ಶುಚಿಯ ಕಡೆಗೆ ಹೋದುದು ಮರಳಿ ಬರಕೂಡದು. ಕರುವನ್ನು ಮುಟ್ಟಿದವನು ನಳಿಗೆಯನ್ನು ಮುಟ್ಟಕೂಡದು. ಹಾಗೆ ಮುಟ್ಟದಿರುವುದು ಅವನ ನೆನಪಿಗೆ ಬಿಟ್ಟ ವಿಷಯವಾಗದೆ ಗೋಡೆ ಬಾಗಿಲುಗಳಿಂದಲೇ ನಡೆಯಬೇಕು. ನಮ್ಮ ಹಳೆಯ ಮನೆಗಳಲ್ಲಿ ಹಿತ್ತಲ ಬಾಗಿಲು, ಬಚ್ಚಲು, ನಡುಮನೆ, ಅಡುಗೆಮನೆ, ದೇವರಮನೆ ಎಂಬ ಅನುಕ್ರಮವನ್ನು ಕಂಡವರಿಗೆ ಈ ವಿಚಾರವು ತೀರ ಹೊಸತೆನಿಸಲಾರದು. ಭೇದವಿಷ್ಟೇ: ಮಡಿಯ ಆಚಾರವು ಮನುಷ್ಯರನ್ನು ಬೇರೆಮಾಡಿತು, ಇಲ್ಲಿ ಬೇರೆಯಾಗತಕ್ಕವು ಕೆಲಸಗಳು. ಪರಳದ ಅರಮನೆಯಲ್ಲಿ ಇಂಥ ಹರಿವನ್ನು ಹೊಂದಿಸಬೇಕಾದರೆ ಇದ್ದ ಗೋಡೆಗಳೊಡನೆ ಸೆಣಸಬೇಕು. ಬೆಳಗಾವಿ, ಗಿಂಡಿಗಳ ಬಯಲಿನಲ್ಲಿ ಗೋಡೆಯನ್ನು ಕೆಲಸದ ಹಿಂದೆ ನಡೆಸಬಹುದಾಗಿತ್ತು. ಬಯಲು ನೆಲದ ಬೆಲೆಯಿರುವುದು ಇಲ್ಲಿ. ಕೊಟ್ಟಿಗೆಗೂ ಪ್ರಯೋಗಶಾಲೆಗೂ ನಡುವೆ ಬಿಟ್ಟ ತೆರಪು, ಧೂಳನ್ನೂ ಬಿಸಿಲನ್ನೂ ತಡೆಯುವ ಮರಗಳು, ಮೇವು ಬೆಳೆಯುವ ಹೊಲ, ಬಾವಿ, ಇವೆಲ್ಲ ಯಂತ್ರದ ಭಾಗಗಳೇ. ತೆರಪನ್ನು ‘ಖಾಲಿ ಜಾಗ’ವೆಂದು ಓದುವವನು ಗಡಿಯಾರದ ಹಲ್ಲುಗಳ ನಡುವಿನ ಸಂದನ್ನು ವ್ಯರ್ಥವೆಂದು ತಿಳಿದವನಿಗೆ ಸಮಾನ.

ತಂಪಿನ ಪ್ರಶ್ನೆಯು ಇದಕ್ಕಿಂತಲೂ ಕಠಿನವಾದುದು. ಗ್ಲಿಸರಿನ್ನಿನಲ್ಲಿಟ್ಟ ಲಸಿಕೆಯು ಬೇಸಗೆಯ ಉಷ್ಣಕ್ಕೆ ಕೆಲವೇ ದಿನಗಳಲ್ಲಿ ನಿಸ್ಸತ್ವವಾಗುತ್ತದೆ. ಅದಕ್ಕಾಗಿಯೇ ದಾಕು ಹಾಕುವ ಕಾಲವು ಬಹುತೇಕ ಚಳಿಗಾಲಕ್ಕೆ ಸೀಮಿತವಾಯಿತು. ಗೋಡೆಯನ್ನು ದಪ್ಪವಾಗಿ ಕಟ್ಟುವುದು, ಸುತ್ತ ಪಡಸಾಲೆ ಬಿಡುವುದು, ಮಾಡನ್ನು ಎತ್ತರಿಸಿ ಬಿಸಿಗಾಳಿಗೆ ದಾರಿ ಮಾಡುವುದು, ಬಡಗಣ ಬೆಳಕನ್ನು ಬಳಸುವುದು, ಇವು ಆ ಕಾಲದ ಎಂಜಿನಿಯರರಿಗೆ ಇದ್ದ ಸಾಧನಗಳು. ಘಟ್ಟದ ಮಳೆಗೆ ಒಡ್ಡಿಕೊಂಡ ಈ ಭಾಗದಲ್ಲಿ ಮಾಡಿಗೆ ಹೆಂಚೇ ಗತಿ. ಬೆಳಗಾವಿಗೆ ಹದಿನೈದು ಹದಿನಾರು ಮೈಲಿ ದೂರದ ಖಾನಾಪುರವು ತನ್ನ ಜೇಡಿಮಣ್ಣಿನಿಂದಾಗಿ ಹೆಂಚಿನ ಕಾರ್ಖಾನೆಗಳ ಊರಾಗಿ ಬೆಳೆಯಿತು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆಯ ತರಬೇತಿ ಸಂಸ್ಥೆಯೂ ಅಲ್ಲಿಯೇ ನೆಲೆಗೊಂಡಿತು. ಮಲಪ್ರಭೆಯ ದಂಡೆಯ ಈ ಮಣ್ಣಿನ ಕಸುಬನ್ನೂ ಬೆಳಗಾವಿಯ ಲಸಿಕೆಯನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ಪ್ರಯೋಗಶಾಲೆಯ ಗುಣವು ಅದರ ನೆಲ, ಗೋಡೆ, ಮೋರಿ, ಮಾಡುಗಳ ಗುಣದಿಂದಲೇ ಆರಂಭವಾಗುತ್ತದೆ. ನೀರನ್ನು ಹೀರದ ನೆಲಗಟ್ಟು, ಮೂಲೆಗಳಲ್ಲಿ ಕೊಳೆ ಕೂರದಂತೆ ದುಂಡಗೆ ಹೊಡೆದ ಗಾರೆ, ಸೋರದ ಹೆಂಚು, ಇವುಗಳನ್ನು ಮಾಡುವ ಕೈ ಹತ್ತಿರದಲ್ಲಿ ಇರುವಾಗ ಮಾತ್ರ ಕಟ್ಟಡವು ನೂರು ಮಳೆಗಾಲಗಳನ್ನು ತಾಳುತ್ತದೆ. ದೂರದಿಂದ ತರಿಸಿದ ವಸ್ತುವು ಒಡೆದರೆ ದುರಸ್ತಿಗೆ ಕಾಯಬೇಕು. ಕಾಯುವ ಪ್ರಯೋಗಶಾಲೆಯು ಮುಚ್ಚಿದ ಪ್ರಯೋಗಶಾಲೆಗೆ ಸಮ.

ಗೋಡೆ ಎಲ್ಲಿಗೆ ಮುಗಿಯುತ್ತದೆ ಎಂಬ ಪ್ರಶ್ನೆಯನ್ನೂ ಆ ಕಾಲವು ದಾರುಣವಾಗಿ ಎತ್ತಿತು. ೧೯೦೨ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ ಹಾಫ್ಕಿನ್ನನ ಪ್ಲೇಗ್ ಲಸಿಕೆಯನ್ನು ಹಾಕಿಸಿಕೊಂಡ ೧೦೭ ಜನರಲ್ಲಿ ೧೯ ಮಂದಿ ಧನುರ್ವಾಯುವಿನಿಂದ ಸತ್ತರು. ಸತ್ತವರೆಲ್ಲ ಒಂದೇ ಸೀಸೆಯಿಂದ ಚುಚ್ಚಿಸಿಕೊಂಡವರು. ತನಿಖೆಯು ದೋಷವನ್ನು ಪರಳದ ಪ್ರಯೋಗಶಾಲೆಯ ಮೇಲೆ ಹೊರಿಸಿತು. ಹಾಫ್ಕಿನ್ ಹುದ್ದೆಯಿಂದ ದೂರವಾದನು. ಆದರೆ ಸೀಸೆಯನ್ನು ತೆರೆದ ದಿನ ಆ ಗ್ರಾಮದಲ್ಲಿ ಸಹಾಯಕನ ಕೈಯಿಂದ ಇಕ್ಕುಳವು ನೆಲಕ್ಕೆ ಬಿದ್ದಿತ್ತು, ಅದನ್ನು ಸರಿಯಾಗಿ ಶುದ್ಧಿಮಾಡದೆ ಬಿರಡೆ ತೆಗೆಯಲು ಬಳಸಲಾಯಿತು ಎಂಬ ಅಂಶವು ಮುಂದೆ ಪ್ರಾಧಾನ್ಯಕ್ಕೆ ಬಂದು, ೧೯೦೭ರಲ್ಲಿ ಅವನು ದೋಷಮುಕ್ತನಾದನು. ಲಸಿಕೆಯ ಸಂಸ್ಥೆಗಳು ದೊಡ್ಡ ಸೀಸೆಗಿಂತ ಚಿಕ್ಕ ನಳಿಗೆಯನ್ನು, ಒಟ್ಟಿಗೆ ತೆರೆಯುವುದಕ್ಕಿಂತ ಬಿಡಿಬಿಡಿಯಾಗಿ ತೆರೆಯುವುದನ್ನು ಏಕೆ ಮೆಚ್ಚಬೇಕೆಂಬುದಕ್ಕೆ ಇಂಥ ಘಟನೆಗಿಂತ ಬೇರೆ ಸಮರ್ಥನೆ ಬೇಕಿಲ್ಲ. ಗಾಜಿನ ನಳಿಗೆಯೆಂದರೆ ಪ್ರಯೋಗಶಾಲೆಯ ಗೋಡೆಯೇ ಚಿಕ್ಕದಾಗಿ ಹಳ್ಳಿಯವರೆಗೆ ನಡೆದುಹೋದಂತೆ.

ಆ ನಳಿಗೆಯನ್ನು ಚೀಲದಲ್ಲಿ ಹೊತ್ತು ಜಾಂಬೋಟಿ, ಕಣಕುಂಬಿಗಳಂಥ ಕಾಡಿನ ಊರುಗಳಿಗೆ ನಡೆದವರ ಇತಿಹಾಸವನ್ನು ಯಾರೂ ಬರೆದಿಲ್ಲ. ಕರುಗಳಿಗೆ ಮೇವು ಹಾಕಿದವರು, ಸೆಗಣಿ ಬಾಚಿದವರು, ಗಾಜಿನ ಬಾಯಿಯನ್ನು ಉರಿಯಲ್ಲಿ ಬೆಸೆದು ಕಣ್ಣು ಸವೆಸಿದವರು ವರದಿಗಳಲ್ಲಿ ‘ಸಿಬ್ಬಂದಿ’ ಎಂಬ ಒಂದೇ ಶಬ್ದದೊಳಗೆ ಅಡಗಿಹೋಗಿದ್ದಾರೆ. ಸಿಡುಬನ್ನು ‘ಅಮ್ಮ’ನೆಂದೂ ‘ದೇವಿ’ಯೆಂದೂ ಕರೆದು ಬೇವಿನ ಸೊಪ್ಪನ್ನು ಬಾಗಿಲಿಗೆ ಕಟ್ಟುತ್ತಿದ್ದ ಮನೆಗಳ ಹೊಸ್ತಿಲಲ್ಲಿ ನಿಂತು, ಕರುವಿನ ರಸವನ್ನು ಮಗುವಿನ ತೋಳಿಗೆ ಹಾಕಿಸಿಕೊಳ್ಳುವಂತೆ ಒಪ್ಪಿಸುವುದು ಸಾಮಾನ್ಯ ವಾಗ್ಮಿತೆಯ ಕೆಲಸವಲ್ಲ. ಅಮ್ಮನಿಗೆ ಹರಕೆ ಸಲ್ಲಿಸಿದ ಮೇಲೆಯೇ ದಾಕು ಹಾಕಿಸಿದ ಮನೆಗಳೂ ಇದ್ದಿರಬೇಕು; ಎರಡನ್ನೂ ಬಿಡದಿರುವುದು ನಮ್ಮ ಜನರ ಹಳೆಯ ಜಾಣತನ.

ಮುಂದಿನ ದಶಕಗಳನ್ನು ಇಲ್ಲಿ ಬೇಗನೆ ದಾಟಬಹುದು. ೧೯೫೬ರ ನವೆಂಬರ್ ೧ರಂದು ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಅಂದಿನ ಮೈಸೂರು ರಾಜ್ಯಕ್ಕೆ ಸೇರಿದಾಗ, ಹಿಂದಿನ ಮುಂಬಯಿ ಸರಕಾರವು ಕಟ್ಟಿಸಿದ ಈ ಸಂಸ್ಥೆಯೂ ಅದರೊಡನೆ ಬಂದಿತು. ರಾಜ್ಯಗಳ ಪುನರ್ರಚನೆಯನ್ನು ಕುರಿತು ಬರೆಯುವವರು ನದಿಗಳ ನೀರನ್ನೂ ಊರುಗಳನ್ನೂ ಎಣಿಸುತ್ತಾರೆ. ಇಂಥ ಸಂಸ್ಥೆಗಳ ಲೆಕ್ಕವನ್ನು ಇಡುವವರಿಲ್ಲ.

ಭಾರತ ಸರಕಾರವು ೧೯೬೨ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವನ್ನು ಆರಂಭಿಸಿದ ಮೇಲೆ ಬೆಳಗಾವಿಯ ಆವರಣಕ್ಕೆ ಎರಡನೆಯ ಜನ್ಮ ಬಂದಿತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಲೆಸ್ಲಿ ಕಾಲಿಯರ್ ೧೯೫೦ರ ದಶಕದಲ್ಲಿ ಹದಗೊಳಿಸಿದ ಕ್ರಮದಂತೆ, ಲಸಿಕೆಯನ್ನು ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಅದರ ನೀರಿನಂಶವನ್ನು ಹಾರಿಸಿ, ಒಣಪುಡಿಯಾಗಿ ಕಾಪಿಡಬಹುದಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದ ಪ್ರಮಾಣದಂತೆ ಇಂಥ ಲಸಿಕೆಯು ೩೭ ಡಿಗ್ರಿ ಉಷ್ಣತೆಯಲ್ಲಿ ಒಂದು ತಿಂಗಳ ಕಾಲ ಸತ್ವವನ್ನುಳಿಸಿಕೊಳ್ಳಬೇಕು. ದಾಕಿಗೆ ಇನ್ನು ಚಳಿಗಾಲದ ಹಂಗಿಲ್ಲ. ಈ ಒಣ ಲಸಿಕೆಯನ್ನು ಭಾರತದಲ್ಲಿ ತಯಾರಿಸಿದ ನಾಲ್ಕು ಸಂಸ್ಥೆಗಳೆಂದರೆ ನೈನಿತಾಲಿನ ಬಳಿಯ ಪಟವಾಡಾಂಗರ್, ಗಿಂಡಿ, ಹೈದರಾಬಾದು ಮತ್ತು ಬೆಳಗಾವಿ. ವಾಸ್ತುವಿನ ದೃಷ್ಟಿಯಿಂದ ಇದು ದೊಡ್ಡ ಪಲ್ಲಟ. ದಪ್ಪ ಗೋಡೆ, ಎತ್ತರದ ಮಾಡು, ಪಡಸಾಲೆಗಳು ಮಾಡುತ್ತಿದ್ದ ಕೆಲಸವನ್ನು ವಿದ್ಯುತ್ತೂ ಶೀತಯಂತ್ರವೂ ವಹಿಸಿಕೊಂಡುವು. ಅದಾಗ್ಯೂ ಕರುವಿನ ಪಥವು ಬದಲಾಗಲಿಲ್ಲ. ಕೊಟ್ಟಿಗೆ, ಮೀಯಿಸುವ ಕಟ್ಟೆ, ಮೇಜು, ಚಮಚ ಎಲ್ಲವೂ ಮೊದಲಿನಂತೆಯೇ. ಹಳೆಯ ನಕ್ಷೆಯ ಕೊನೆಯ ಕೋಣೆಗಳಲ್ಲಷ್ಟೇ ಹೊಸ ಯಂತ್ರ ಕುಳಿತಿತು. ಅರ್ಧ ಶತಮಾನದ ತರುವಾಯ ಬಂದ, ಕಟ್ಟಿದವರು ಕನಸಿನಲ್ಲಿಯೂ ಕಾಣದಿದ್ದ ವಿಧಾನವೊಂದು ಇದ್ದ ಆವರಣದೊಳಗೆ ಹೊಂದಿಕೊಳ್ಳುವುದೆಂದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಪ್ರಯೋಗಶಾಲೆಗೆ ಬೇರೊಂದಿಲ್ಲ. ಪ್ರಬಂಧದ ಆರಂಭದಲ್ಲಿ ಕೇಳಿದ ಪ್ರಶ್ನೆಗೆ ನಮಗೆ ದೊರೆತ ಉತ್ತರಗಳಲ್ಲಿ ಇದು ಮುಖ್ಯವಾದುದು.

ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣಗಳು ೧೯೭೫ರ ಮೇ ತಿಂಗಳಿನಲ್ಲಿ ಕಂಡುಬಂದುವು. ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ೧೯೮೦ರಲ್ಲಿ ಘೋಷಣೆಯಾಯಿತು. ತನ್ನ ಕೆಲಸವನ್ನು ಪೂರ್ಣವಾಗಿ ಮುಗಿಸಿದುದರಿಂದಲೇ ನಿರುಪಯುಕ್ತವಾದ ಕಟ್ಟಡಗಳು ಜಗತ್ತಿನಲ್ಲಿ ಎಷ್ಟಿದ್ದಾವು? ಆದರೆ ಈ ಸಂತೋಷದ ನಡುವೆ ವಾಸ್ತುವಿನ ವಿದ್ಯಾರ್ಥಿಯು ಮರೆಯಬಾರದ ಒಂದು ಘಟನೆಯಿದೆ. ೧೯೭೮ರಲ್ಲಿ, ಸಿಡುಬು ಪ್ರಕೃತಿಯಿಂದ ಮರೆಯಾದ ಮೇಲೆ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಛಾಯಾಚಿತ್ರಕಾರಳಾಗಿದ್ದ ಜ್ಯಾನೆಟ್ ಪಾರ್ಕರ್ ಎಂಬಾಕೆ ಸಿಡುಬಿಗೆ ತುತ್ತಾಗಿ ಸೆಪ್ಟೆಂಬರ್ ೧೧ರಂದು ತೀರಿಕೊಂಡಳು. ಅವಳು ಕೆಲಸ ಮಾಡು‍ತ್ತಿದ್ದ ಕೋಣೆಯು ಸಿಡುಬಿನ ವೈರಾಣುವಿನ ಪ್ರಯೋಗಶಾಲೆಯ ಮೇಲಂತಸ್ತಿನಲ್ಲಿತ್ತು. ವೈರಾಣುವು ಗಾಳಿಯ ಕೊಳವೆಯ ಮೂಲಕ ಏರಿತೆಂದು ಅಧಿಕೃತ ತನಿಖೆಯು ಅಭಿಪ್ರಾಯಪಟ್ಟಿತು. ನ್ಯಾಯಾಲಯದಲ್ಲಿ ಅದು ಸ್ಥಿರಪಡಲಿಲ್ಲ. ಪ್ರಯೋಗಶಾಲೆಯ ಮುಖ್ಯಸ್ಥನಾದ ಹೆನ್ರಿ ಬೆಡ್ಸನ್ ಆತ್ಮಹತ್ಯೆ ಮಾಡಿಕೊಂಡನು. ಹಾದಿ ಯಾವುದೇ ಆಗಿರಲಿ, ಜನಸಂಚಾರವಿರುವ ಬಹುಮಹಡಿಯ ಕಟ್ಟಡದಲ್ಲಿ ಅಂಥ ವೈರಾಣುವಿಗೆ ಕೋಣೆ ಕೊಟ್ಟುದು ಸರಿಯೇ ಎಂಬ ಪ್ರಶ್ನೆ ಉಳಿಯಿತು. ಮುಂದೆ ಸಿಡುಬಿನ ವೈರಾಣುವನ್ನು ಅಮೆರಿಕದ ಅಟ್ಲಾಂಟಾ ಮತ್ತು ರಷ್ಯಾ ದೇಶ, ಈ ಎರಡೆಡೆ ಮಾತ್ರ ಕಾಪಿಡುವ ವ್ಯವಸ್ಥೆಯಾಯಿತು. ೧೮೯೩ರಲ್ಲಿ ಪುಣೆಯಿಂದ ಮುಕ್ತೇಶ್ವರಕ್ಕೆ ಗಾಡಿ ಹೂಡಿದವರ ಆತಂಕವು ನಿರಾಧಾರವಾದುದಲ್ಲವೆಂಬುದು ಎಂಬತ್ತೈದು ವರ್ಷಗಳ ತರುವಾಯ ಹೀಗೆ ರುಜುವಾತಾಯಿತು.

ಇಂದಿನ ಅತ್ಯುಚ್ಚ ಶ್ರೇಣಿಯ ಪ್ರಯೋಗಶಾಲೆಗಳಲ್ಲಿ ಗಾಳಿಯೂ ಒಂದೇ ದಿಕ್ಕಿಗೆ ಹರಿಯುವಂತೆ ಒಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಕಡಿಮೆಯಾಗಿಡುತ್ತಾರೆ. ಹೊರಹೋಗುವ ಗಾಳಿಯನ್ನು ಸೋಸುತ್ತಾರೆ, ಕೊಳೆನೀರನ್ನು ನಿರ್ವಿಷಗೊಳಿಸಿ ಬಿಡುತ್ತಾರೆ. ಭಾರತದ ಇಂಥ ಮೊದಲ ನಾಲ್ಕನೆಯ ಶ್ರೇಣಿಯ ಪ್ರಯೋಗಶಾಲೆಯು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಿ ೨೦೧೨ರ ಡಿಸೆಂಬರಿನಲ್ಲಿ ಉದ್ಘಾಟಿತವಾಯಿತು. ನೋಡಿದರೆ ಕರುವಿನ ಕೊಟ್ಟಿಗೆಯ ಸೂತ್ರವೇ ಅಲ್ಲಿಯೂ ಇದೆ. ಅಂದು ಕಾಲ್ನಡೆಯ ದಿಕ್ಕನ್ನು ಗೊತ್ತುಪಡಿಸಿದರು, ಇಂದು ಉಸಿರಿನ ದಿಕ್ಕನ್ನು.

ಇಂಥ ಪ್ರಯೋಗಶಾಲೆಗೆ ಕೆಲಸವು ಎಲ್ಲಿಂದ ಬರುತ್ತದೆಂದು ತಿಳಿಯಬೇಕಾದರೆ ಖಾನಾಪುರದ ಕಾಡಿಗೆ ಹೋಗಬೇಕು. ಭೀಮಗಡದ ಸಮೀಪ, ತಳೇವಾಡಿಯ ಕಡೆ, ಬಾರಾಪೇಡೆ ಎಂಬ ಗುಹೆಯುಂಟು. ಅಲ್ಲಿ ವಾಸಿಸುವ ಬಾವಲಿಯೊಂದನ್ನು ಆಲ್ಡ್‌ಫೀಲ್ಡ್ ಥಾಮಸ್ ೧೯೧೩ರಲ್ಲಿ ಹೊಸ ಜಾತಿಯೆಂದು ವಿವರಿಸಿ, ರಾಟನ್ ಎಂಬ ನಿಸರ್ಗಶಾಸ್ತ್ರಜ್ಞನ ಹೆಸರನ್ನಿಟ್ಟನು. ಕಾಂಬೋಡಿಯದಲ್ಲಿಯೂ ಮೇಘಾಲಯದಲ್ಲಿಯೂ ಕಾಣಿಸಿಕೊಳ್ಳುವವರೆಗೆ, ಸುಮಾರು ತೊಂಬತ್ತು ವರ್ಷ, ಆ ಬಾವಲಿಗೆ ಜಗತ್ತಿನಲ್ಲಿ ಗೊತ್ತಿದ್ದ ಮನೆ ಈ ಗುಹೆಯೊಂದೇ. ೨೦೧೧ರಲ್ಲಿ ಭೀಮಗಡವು ವನ್ಯಜೀವಿಧಾಮವಾಯಿತು. ಇದೇ ಘಟ್ಟಸಾಲಿನ ಸೊರಬದ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮಂಗನ ಕಾಯಿಲೆಯ ವೈರಾಣುವು ಗುರುತಿಸಲ್ಪಟ್ಟಿತು. ೨೦೧೬ರಲ್ಲಿ ಖಾನಾಪುರಕ್ಕೆ ಪಡುವಣದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗದಲ್ಲಿ ಅದೇ ರೋಗ ಕಾಣಿಸಿತು. ಕಾಡೂ ಒಂದು ಸಂಶೋಧನಾ ಆವರಣವೇ. ಅದರ ಗುಹೆ, ಉಣ್ಣೆ, ಮಂಗಗಳು ಹೇಳುವುದನ್ನು ಕೇಳಲು ಹತ್ತಿರದಲ್ಲಿ ಒಂದು ಸುಸಜ್ಜಿತ ನೆಲೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೦೬ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ ಪ್ರಾದೇಶಿಕ ಕೇಂದ್ರವು ಮುಂದೆ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. ನೆಹರೂನಗರದ ಆ ಸಂಸ್ಥೆಯು ಘಟ್ಟದ ಔಷಧಿ ಸಸ್ಯಗಳನ್ನು ಸಂಗ್ರಹಿಸುತ್ತದೆ, ೨೦೨೦ರ ಮಹಾಮಾರಿಯ ಕಾಲದಲ್ಲಿ ಕೋವಿಡ್ ಪರೀಕ್ಷೆಯನ್ನೂ ನಡೆಸಿತು. ಲಸಿಕಾ ಸಂಸ್ಥೆಗೆ ಊರಿನಲ್ಲಿ ಹೀಗೊಬ್ಬ ಕಿರಿಯ ಬಂಧು ಹುಟ್ಟಿಕೊಂಡಂತಾಯಿತು.

ಹಳೆಯ ಆವರಣವಾದರೋ ತನ್ನ ಹೆಸರನ್ನು ಬಿಟ್ಟುಕೊಟ್ಟಿಲ್ಲ. ೨೦೨೧ರ ಜನವರಿಯಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಿಗೆ ಹಂಚತಕ್ಕ ಕೋವಿಡ್ ಲಸಿಕೆಯ ಪೆಟ್ಟಿಗೆಗಳು ಬಂದಿಳಿದುದು ಟಿಳಕವಾಡಿಯ ಇದೇ ಡಿಪೋದ ಶೀತಗೃಹಕ್ಕೆ. ಬಯಲಿನ ಮಾತು ಬೇರೆ. ಸಭೆ ಪ್ರದರ್ಶನಗಳಿಗೆ ಅದು ಅನುಕೂಲವಾದ ಮೈದಾನವೆಂದು ಊರಿಗೆ ಬಹುಕಾಲದಿಂದ ತೋರಿದೆ. ನಗರಾಭಿವೃದ್ಧಿಯ ಯೋಜನೆಗಳ ಕಣ್ಣು ಅದರ ಮೇಲೆ ಬಿದ್ದಾಗ, ಮರಗಳ ವಿಷಯವಾಗಿ ನಾಗರಿಕರು ವಿರೋಧಿಸಿದ್ದಾರೆ. ಮರಗಳ ಪರವಾಗಿ ಎದ್ದ ದನಿಯನ್ನು ನಾವು ಗೌರವಿಸುತ್ತೇವೆ. ಅದರ ಜೊತೆಗೆ ತೆರಪಿನ ಪರವಾಗಿಯೂ ಒಂದು ದನಿ ಏಳಬೇಕಾಗಿದೆ. ಅದು ಇತಿಹಾಸದ ವಿಭಾಗಗಳಿಂದ ಏಳಬೇಕು. ಕಟ್ಟಡವೊಂದನ್ನು ಉಳಿಸಿ ಅದರ ಸುತ್ತಲಿನ ನೆಲವನ್ನು ತುಂಬಿಬಿಟ್ಟರೆ, ಲಸಿಕಾ ಸಂಸ್ಥೆಯ ನಕ್ಷೆಯು ಅರ್ಥವಾಗದ ಒಂದು ಬಂಗಲೆಯಾಗಿ ಉಳಿಯುತ್ತದೆ.

ಕೆಲಸವು ಹೀಗೆ ಆರಂಭವಾಗಬಹುದು. ನಮ್ಮ ಸ್ನಾತಕೋತ್ತರ ವಿದ್ಯಾರ್ಥಿಗಳು ಹಲಸಿಯ ದೇವಾಲಯದ ಅಳತೆಯನ್ನು ತೆಗೆಯುವಷ್ಟೇ ಶ್ರದ್ಧೆಯಿಂದ ಈ ಆವರಣದ ಪ್ರತಿಯೊಂದು ಕಟ್ಟಡದ ಅಳತೆಯನ್ನು ತೆಗೆಯಬೇಕು: ನೆಲದ ಇಳಿಜಾರು, ಮೋರಿಯ ದಿಕ್ಕು, ಕಿಟಕಿಯ ಮುಖ, ಬಾಗಿಲುಗಳ ಅನುಕ್ರಮ. ಮುಂಬಯಿ ಪ್ರಾಂತದ ಆರೋಗ್ಯ ಇಲಾಖೆಯ ವಾರ್ಷಿಕ ವರದಿಗಳಲ್ಲಿ ಲಸಿಕೆಯ ಪ್ರಕರಣಗಳನ್ನು ವರ್ಷವಾರು ಬಿಡಿಸಿ ಬರೆದುಕೊಳ್ಳಬೇಕು. ಕರುಗಳ ಲಸಿಕೆಯ ಕೊನೆಯ ವರ್ಷಗಳಲ್ಲಿ ಅಲ್ಲಿ ದುಡಿದವರು ಈಗ ಮುಪ್ಪಿನಲ್ಲಿದ್ದಾರೆ. ಕರುವನ್ನು ಯಾವ ಬಾಗಿಲಿನಿಂದ ಒಳಗೆ ತಂದರು, ಯಾವ ಬಾಗಿಲಿನಿಂದ ಹೊರಗೆ ಬಿಟ್ಟರು ಎಂಬುದನ್ನು ಹೇಳಬಲ್ಲವರು ಅವರೇ. ಆ ಮಾತನ್ನು ಮುಂದಿನ ಮಳೆಗಾಲದೊಳಗೆ ಬರೆದಿಟ್ಟುಕೊಳ್ಳಬೇಕು.